ಉತ್ತರಕ್ರಿಯೆ ಮುಗಿದ ಮೇಲಿನ ಉತ್ತರಗಳು

ಹೊಸಪೇಟೆಯ ಕಲ್ಯಾಣ ಮಂಟಪವೊಂದಕ್ಕೆ ಟಿವಿಯವರು ಬಂದಿದ್ದರು. ‘ನಾಲ್ಕರಲ್ಲಿ ಒಂದು’ ಎಂಬ ತಮ್ಮ ಕ್ವಿಜ್ ಕಾರ್ಯಕ್ರಮಕ್ಕೆ ಸ್ಪರ್ಧಿಗಳನ್ನು ಆರಿಸಬೇಕಿತ್ತು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಟೈ ಕಟ್ಟಿದ ಯುವಕನೊಬ್ಬ ಕೂತು, ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದು ಪ್ರಶ್ನೆ ಕೇಳುತ್ತಿದ್ದ. ನಮ್ಮ ಪಕ್ಕದ ಮನೆಯ ಬಸಕ್ಕ ಎಲ್ಲಕ್ಕೂ ಪಟಪಟನೆ ಉತ್ತರ ಹೇಳಿದಳು. ಹಿಂದೆ ನಿಂತಿದ್ದ ಮಗಳು ದುರ್ಗಾಳ ಮುಖ ಅರಳಿತು. ಜೊತೆಗೆ ಬಂದಿದ್ದ ನಾನೂ ಸ್ವಲ್ಪ ಬೀಗಿದೆ.

“ಕೊನೇ ಪ್ರಶ್ನೆ ಅಮ್ಮ. ಆಟದ ಮಧ್ಯೆ ಸಹಾಯಕ್ಕೆ ಒಬ್ಬರಿಗೆ ಫೋನ್ ಮಾಡಬಹುದು. ಯಾರಿಗೆ ಮಾಡ್ತೀರಾ?”

“ನಮ್ಮ ಮನಿಯವ್ರಿಗೆ.”

“ಸಾರ್ ಹೆಸರು?”

ಗಂಡನ ಹೆಸರು ಬಾಯಿಂದ ಹೇಳುವವಳಲ್ಲ ಬಸಕ್ಕ. ಮಗಳನ್ನು ಮೊಣಕೈಯಿಂದ ತಿವಿದಳು. ದುರ್ಗಾ ನೆಲ ನೋಡುತ್ತಾ, “ಮೂಕಣ್ಣ” ಎಂದಳು.

“ಸಂಜೆ ಹೊತ್ತು ಫೋನಿಗೆ ಸಿಗ್ತಾರಾ?”

“ಫೋನಿಗೆ ಸಿಗಲ್ರಿ. ತೀರಿಕೊಂಡು ಎಲ್ಡು ವರ್ಸಾತು. ಆದ್ರ ಏಳೂವರಿಗೆ ಮನ್ಯಾಗ ಇರ್ತಾರ.”

ಯುವಕ ಮೊದಲು ನಕ್ಕ. ತಮಾಷೆಯೋ ಏನೋ ಎಂದು ದುರ್ಗಾಳ ಮುಖ ನೋಡಿದ. ಅವಳು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ನನ್ನ ಕಡೆ ನೋಡಿದ. ನಾನು ಮಂಟಪದ ಫ್ಯಾನು ಲೆಕ್ಕ ಹಾಕುತ್ತಿದ್ದೆ. ಅವನ ನಗು ಮುಖದಿಂದ ಇಳಿಯಲು ದಾರಿ ಕಾಣದೆ ಅಲ್ಲೇ ಒಣಗಿತು. ಸಾಲಿನಲ್ಲಿ ಬಸಕ್ಕನ ಹಿಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ಆಯ್ಕೆ ಆಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಕಾಲೋನಿಗೆ ಮರಳುವ ಟಿ.ಬಿ. ಡ್ಯಾಂ ಬಸ್ಸಿನಲ್ಲಿ ದುರ್ಗಾ, “ಮಂದ್ಯಾಗ ಮಾನ ಕಳದೆಲ್ಲ ಯವ್ವ” ಎಂದು ಕಿಟಕಿಗೆ ಮುಖ ಮಾಡಿದಳು.

“ಕೇಳಿದ್ದಕ್ಕ ಉತ್ರ ಹೇಳೀನಿ. ಕ್ವಿಜ್ ಅಂದ್ರ ಅದ ಅಲ್ಲೇನು?” ಎಂದಳು ಬಸಕ್ಕ.

ಆ ಯುವಕನಿಗೆ ಅವಳು ಹೇಳಿದ್ದು ಸುಳ್ಳಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಗೋಡೆಗೆ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಗೋಡೆಗೆ ಕಿವಿಯ ಜೊತೆ ಒಂದು ನೀರಿನ ಪೈಪೂ ಇದೆ.

ಮೂಕಣ್ಣ ಕಾಲುವೆಯ ಲಸ್ಕರ್ ಆಗಿದ್ದ. ಕಾಲುವೆಯ ದಂಡೆಯ ಮೇಲೆ ನಡೆದು, ಮೇಲಿನವರು ಹೇಳಿದಷ್ಟು ತೂಬಿನ ಗೇಟು ಎತ್ತಿ ಇಳಿಸುವ ಕೆಲಸ. ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ಅದಕ್ಕೆ ಕಾರಣ ಸ್ವಭಾವವಲ್ಲ, ಎಲೆಯಡಿಕೆ. ದವಡೆಯಲ್ಲಿ ಸದಾ ತಂಬಾಕಿನ ಮುದ್ದೆ ಇರುತ್ತಿದ್ದರಿಂದ ಬಾಯಿ ತೆರೆದರೆ ಎದುರಿನವರ ಅಂಗಿಗೆ ಅಪಾಯ. ಕಂಪ್ಲಿಯಿಂದ ಮದುವೆಯಾಗಿ ಬಂದ ಬಸಕ್ಕ ಮಧ್ಯಾಹ್ನ ಕಾಲುವೆಗೆ ಬುತ್ತಿ ಒಯ್ಯುತ್ತಿದ್ದಳು. ಅಲ್ಲಿ ಮೂಕಣ್ಣನ ಟ್ರಾನ್ಸಿಸ್ಟರಿನಲ್ಲಿ ರಸಪ್ರಶ್ನೆ ಬರುತ್ತಿತ್ತು. ಒಂದು ಪ್ರಶ್ನೆ, ನಾಲ್ಕು ಉತ್ತರ, ಆರಿಸಿಕೊಳ್ಳಿ ಎನ್ನುವ ಆಟ. ಬಸಕ್ಕ ಬಾಯಲ್ಲಿ ಹೇಳುವಳು. ಮೂಕಣ್ಣ ಗೇಟು ತಿರುಗಿಸುವ ಕಬ್ಬಿಣದ ಚಾವಿಯಿಂದ ತೂಬಿಗೆ ಬಡಿಯುವನು. ‘ಎ’ ಆದರೆ ಒಂದು ಏಟು, ‘ಬಿ’ ಆದರೆ ಎರಡು, ಹೀಗೆ ನಾಲ್ಕರವರೆಗೆ. ಸೋತವರು ಬುತ್ತಿಯ ತಾಟು ತೊಳೆಯಬೇಕು. ಇಬ್ಬರದೂ ಒಂದೇ ಉತ್ತರವಾದರೆ ಆಟ ಸಮ, ಅವರವರ ತಾಟು ಅವರವರಿಗೆ.

ರೇಡಿಯೋ ಹೋಗಿ ಟಿವಿ ಬಂತು. ತೂಬಿನ ಬದಲು ಮನೆಯ ಗೋಡೆಯ ಪೈಪು ಬಂತು. ಪದ್ಧತಿ ಬದಲಾಗಲಿಲ್ಲ, ಪಣ ಮಾತ್ರ ದೊಡ್ಡದಾಗುತ್ತಾ ಹೋಯಿತು. ಫ್ರಿಜ್ಜು ಕೊಳ್ಳಬೇಕೋ ಬೇಡವೋ, ಕಂಪ್ಲಿಯ ತಂಗಿಯ ಮನೆಯವರೊಂದಿಗೆ ಮಾತು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನೆಲ್ಲ ಆ ಮನೆಯಲ್ಲಿ ಟಿವಿಯ ಪ್ರಶ್ನೆಯೇ ತೀರ್ಮಾನಿಸುತ್ತಿತ್ತು. ದುರ್ಗಾ ಸೈನ್ಸ್ ಬಿಟ್ಟು ಕಾಮರ್ಸ್ ಓದಿದ್ದು ಆಫ್ರಿಕಾದ ಯಾವುದೋ ದೇಶದ ರಾಜಧಾನಿಯ ದಯೆಯಿಂದ. ನಮ್ಮ ಕಡೆ ಇಂಥದ್ದಕ್ಕೆಲ್ಲ ದೇವಿಯ ಮುಂದೆ ಕೂತು ಹೂ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಇವರು ಹೂವಿನ ಬದಲು ನಿರೂಪಕನನ್ನು ನಂಬಿದ್ದರು.

ಆಮೇಲೆ ಒಂದು ದಿನ ಕಾಲುವೆಯ ದಂಡೆಯ ಮೇಲೆ ಎದೆ ಹಿಡಿದುಕೊಂಡು ಕೂತ ಮೂಕಣ್ಣ ಏಳಲಿಲ್ಲ. ಚಾವಿಯನ್ನು ಆಫೀಸಿಗೆ ಒಪ್ಪಿಸಿದರು. ಅದನ್ನು ನೇತುಹಾಕುತ್ತಿದ್ದ ಮೊಳೆ ಗೋಡೆಯಲ್ಲಿ ಹಾಗೇ ಉಳಿಯಿತು. ಬಸಕ್ಕನಿಗೆ ಅನುಕಂಪದ ಆಧಾರದ ಮೇಲೆ ಕಾಲುವೆ ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು, ಕ್ವಾರ್ಟರ್ಸೂ ಉಳಿಯಿತು.

ದಿವಸ ಕರ್ಮಗಳೆಲ್ಲ ಮುಗಿದ ಮೇಲೆ ಆ ಮನೆಯಲ್ಲಿ ಮತ್ತೆ ಟಿವಿ ಹಚ್ಚಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಏಳೂವರೆಗೆ ಗೋಡೆಯಾಚೆ ‘ನಾಲ್ಕರಲ್ಲಿ ಒಂದು’ ಶುರುವಾಗಿ, ನಿರೂಪಕ ಪ್ರಶ್ನೆ ಓದಿದ. ಅಡುಗೆಮನೆಯಿಂದ ಬಸಕ್ಕ ಅಭ್ಯಾಸಬಲದಿಂದ “ಎ” ಎಂದಳು. ಆಮೇಲೆ ಸದ್ದಿಲ್ಲ. ನಾನು ಬರೆಯುತ್ತಾ ಕೂತಿದ್ದೆ. ನನ್ನ ತಲೆಯ ಪಕ್ಕದಲ್ಲೇ, ಪೈಪಿನಲ್ಲಿ, ಟಣ್ ಎಂದಿತು. ಮತ್ತೆ ಟಣ್. ಇನ್ನೊಂದು ಸಲ ಟಣ್.

“ಸರಿ ಉತ್ತರ... ಸಿ!” ಎಂದ ಟಿವಿಯವನು.

ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಬಸಕ್ಕನ ದನಿ ಕೇಳಿತು. “ಆತು ಬಿಡು. ನೀನ ಗೆದ್ದಿ.” ಆಮೇಲೆ ತಾಟು ತೊಳೆಯುವ ಸದ್ದು. ಒಂದಲ್ಲ, ಎರಡು ತಾಟು.

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪರಿಚಯ ಮಾಡಿಸಿದ ಪವಿತ್ರಾತ್ಮವೊಂದನ್ನು ಬಿಟ್ಟರೆ ನನಗೆ ಬೇರೆ ಆತ್ಮಗಳ ಗುರುತಿಲ್ಲ. ಅದೂ ಪಾರಿವಾಳದ ರೂಪದಲ್ಲಿ ಬರುತ್ತದೆಯೇ ಹೊರತು ಪೈಪಿನ ರೂಪದಲ್ಲಲ್ಲ. ಮನುಷ್ಯ ಹೋದ ಮೇಲೆ ಉತ್ತರಕ್ರಿಯೆ ಮಾಡುವುದು ಕೇಳಿದ್ದೆ. ಉತ್ತರಕ್ರಿಯೆ ಮುಗಿದ ಮೇಲೂ ಉತ್ತರ ಕೊಡುವವರನ್ನು ಕೇಳಿರಲಿಲ್ಲ. ಒಂದು ವಾರ ಕಿವಿಗೊಟ್ಟು ಎಣಿಸಿದೆ, ಒಂದು ಪ್ರಶ್ನೆಗೂ ಏಟು ನಾಲ್ಕು ದಾಟಲಿಲ್ಲ. ಎಂಟನೇ ದಿನ ಕಾಲೋನಿಗೆ ನೀರು ಬಿಡುವ ತಿಪ್ಪೇಶನನ್ನು ಹಿಡಿದೆ.

“ಅದಾ ಮೇಡಮ್ಮೋರ? ಏಳೂವರಿಗೆ ವಾಲ್ವ್ ಬಿಡ್ತೀವಲ್ರಿ, ಪೈಪಿನ್ಯಾಗ ಗಾಳಿ ಹೊಕ್ಕಂಡಿರ್ತೈತಿ. ನೀರು ನೂಕಿದ ಕೂಡ್ಲೆ ಬಡಕೊಂತೈತಿ. ಎಲ್ಲಾ ಮನ್ಯಾಗೂ ಹಂಗ.”

ನನ್ನ ಎದೆಯಲ್ಲಿದ್ದ ಗಾಳಿಯೂ ಹೊರಗೆ ಹೋಯಿತು. ಹೊರಡುವ ಮೊದಲು ಸುಮ್ಮನೆ ಕೇಳಿದೆ. “ಹಂಗಾದ್ರ ನಾಲ್ಕಕ್ಕಿಂತ ಜಾಸ್ತಿ ಯಾಕೆ ಬಡಿಯಲ್ಲ?”

ತಿಪ್ಪೇಶ ವಾಲ್ವ್ ತಿರುಗಿಸುವ ಪಾನಾವನ್ನು ಚೀಲಕ್ಕೆ ತುರುಕಿದ. “ಅದು ಗೊತ್ತಿಲ್ರಿ” ಎಂದು, ಸೈಕಲ್ ಹತ್ತದೆ ನೂಕಿಕೊಂಡೇ ಹೊರಟ.

ಒಮ್ಮೆ ಬಸಕ್ಕ, ದುರ್ಗಾ ಇಬ್ಬರೂ ಊರಲ್ಲಿರಲಿಲ್ಲ. ಅವರ ಮನೆಗೆ ಬೀಗ ಬಿದ್ದಿತ್ತು. ಏಳೂವರೆಗೆ ನನಗೆ ತಡೆಯಲಾಗಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಸುತ್ತ ನೋಡಿ, ಪೈಪಿಗೆ ಬಾಯಿ ಹಚ್ಚಿ ಕೇಳಿದೆ. “ಮೂಕಣ್ಣ, ಇದ್ದೀಯೇನಪ್ಪ? ಎ, ಹೌದು. ಬಿ, ಇಲ್ಲ.”

ಪೈಪಿನ ಒಳಗೆ ಎಲ್ಲೋ ದೂರದಲ್ಲಿ ನೀರು ಗೊರಗುಟ್ಟಿತು. ಆಮೇಲೆ ಟಣ್, ಟಣ್.

ಇಲ್ಲವಂತೆ. ನಾನು ಒಂದು ಕ್ಷಣ ನಿರಾಳವಾದೆ. ಇಲ್ಲ ಎಂದು ಹೇಳಿದ್ದು ಯಾರು ಎಂಬ ಪ್ರಶ್ನೆ ಹೊಳೆಯುವುದಕ್ಕೆ ಇನ್ನೊಂದು ಕ್ಷಣ ಹಿಡಿಯಿತು. ಅಂದಿನಿಂದ ಬರೆಯುವ ಮೇಜನ್ನು ಎದುರು ಗೋಡೆಗೆ ಹಾಕಿಕೊಂಡೆ.

ಬಸಕ್ಕನಿಗೆ ಮಾತ್ರ ಇದರಲ್ಲಿ ಹೆದರಿಕೆಯೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಅವಳ ತಕರಾರೆಲ್ಲ ಕಾರ್ಯಕ್ರಮದ ಮೇಲೆ. “ರೇಡಿಯೋದಾಗ ಮುಖ ಕಾಣ್ತಿದ್ದಿಲ್ರಿ. ಸೋತೋರು ಮಾನ ಉಳಿಸ್ಕೊಂಡು ಮನಿಗೆ ಹೋಗ್ತಿದ್ರು. ಈಗ ಸೋತೋರ ಕಣ್ಣೀರನ್ನ ಹತ್ರದಿಂದ ತೋರಸ್ತಾರ, ಮ್ಯಾಲೆ ಪಿಟೀಲು ಬಾರಸ್ತಾರ.” ಈ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದೇ. ಉತ್ತರ ಗೊತ್ತಿದ್ದೂ ಹೇಳದೆ ಜಾಹೀರಾತಿಗೆ ಹೋಗುವುದನ್ನು ನಮ್ಮ ಶಾಲೆಯಲ್ಲಿ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಅದಕ್ಕೆ ಸಂಬಳ ಕೊಡುತ್ತಾರೆ.

ಹೀಗಿರುವಾಗ ದುರ್ಗಾ ಒಬ್ಬ ಹುಡುಗನನ್ನು ಮೆಚ್ಚಿದಳು. ಹೆಸರು ಕಿರಣ್ ಕುಮಾರ್, ಸಂಡೂರು ಕಡೆಯ ವಡ್ಡು ಊರಿನವನು. ಮನೆಯಲ್ಲಿ ಹೊಲ, ಅವನಿಗೆ ಉಕ್ಕಿನ ಫ್ಯಾಕ್ಟರಿಯಲ್ಲಿ ಕ್ರೇನ್ ಓಡಿಸುವ ಕೆಲಸ. ಬಸಕ್ಕ ಒಪ್ಪಲಿಲ್ಲ.

“ಧೂಳಿನ ಊರು. ಒಗೆದ ಬಟ್ಟಿ ಒಣಗ ಹಾಕಿದ್ರ ತಿರುಗಿ ಒಗೀಬೇಕು. ಡ್ಯಾಮಿನ ನೀರು ಕುಡದು ಬೆಳೆದಾಕಿ ಅಲ್ಲೇನು ಮಾಡ್ತೀಯಲೇ?”

“ಧೂಳು ಮದಿವಿ ಆಗಂಗಿಲ್ಲ ಯವ್ವ. ಕಿರಣನ್ನ ಆಗ್ತೀನಿ.”

ಒಂದು ಸಂಜೆ ಹುಡುಗನೇ ಬಂದ. ನನ್ನನ್ನೂ ಕರೆದಿದ್ದರು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕುರ್ಚಿಯ ತುದಿಯಲ್ಲಿ ಕೂತ. ಬಸಕ್ಕ ನೀರು ಕೊಟ್ಟು, ಕುಶಲ ಕೇಳದೆ, ಪ್ರಶ್ನೆ ಕೇಳಿದಳು.

“ಈ ಡ್ಯಾಮಿಗೆ ಎಷ್ಟು ಗೇಟು ಅದಾವಪ್ಪ?”

ಹುಡುಗ ಬೆವರಿದ. “ಮೂವತ್... ಮೂವತ್ತೆಲ್ಡು...”

ಆಗ ಗೋಡೆಯಲ್ಲಿ ಟಣ್ ಟಣ್ ಟಣ್ ಎಂದಿತು. ನಿಂತಿತು. ಮತ್ತೆ ಟಣ್ ಟಣ್ ಟಣ್.

“ಮೂವತ್ಮೂರ್ರಿ!” ಎಂದ ಕಿರಣ್ ಕುಮಾರ್. ಅವನಿಗೆ ಪೈಪಿನ ಕಥೆ ಗೊತ್ತೇ ಇರಲಿಲ್ಲ. ತಾನಾಗಿ ಹೊಳೆಯಿತು ಎಂದುಕೊಂಡು ನಗುತ್ತಾ ನೀರು ಕುಡಿದ. ಅವನೊಬ್ಬನೇ ಆ ಕೋಣೆಯಲ್ಲಿ ನಗುತ್ತಿದ್ದವನು. ನನ್ನ ಬೆನ್ನ ಮೇಲೆ ಯಾರೋ ತಣ್ಣನೆಯ ತಾಟು ಇಟ್ಟ ಹಾಗಿತ್ತು.

ದುರ್ಗಾಳ ಕಣ್ಣಲ್ಲಿ ನೀರು ತುಂಬಿತು. “ನೋಡ್ದಿಲ್ಲ ಯವ್ವ? ಅಪ್ಪಗ ಒಪ್ಪಿಗಿ ಐತಿ.”

“ಒಪ್ಪಿಗಿ ಅಲ್ಲ ಅದು” ಎಂದಳು ಬಸಕ್ಕ, ಪೈಪನ್ನು ದುರುಗುಟ್ಟಿ ನೋಡುತ್ತಾ. “ಮಾವ ಅಳಿಯಗ ಕಾಪಿ ಹೊಡಸ್ತಾನ.”

ಅದೇ ವಾರ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ನೋಡುವವರು ಕಡಿಮೆಯಾದ್ದರಿಂದ ‘ನಾಲ್ಕರಲ್ಲಿ ಒಂದು’ ಶುಕ್ರವಾರಕ್ಕೆ ಕೊನೆ, ಮುಂದಿನ ಸರಣಿ ಯಾವಾಗ ಎಂದು ವಾಹಿನಿ ಹೇಳಿಲ್ಲ. ಡ್ಯಾಮಿನ ನೀರು ಹರಿಯುವ ಕಾಲುವೆಯೂ ವಾಹಿನಿ, ಟಿವಿಯದೂ ವಾಹಿನಿ. ಎರಡರ ಗೇಟನ್ನೂ ಮೇಲಿನವರೇ ಇಳಿಸುತ್ತಾರೆ. ಪತ್ರಿಕೆಯನ್ನು ನಾನೇ ಅವರ ಮನೆಗೆ ಒಯ್ದೆ. ಒಯ್ಯಬಾರದಿತ್ತೇನೋ.

ದುರ್ಗಾ ಓದಿ, ಮಡಚಿ, ತಾಯಿಯ ಮುಂದಿಟ್ಟಳು. “ಹಂಗಾದ್ರ ಶುಕ್ರವಾರ ನನ್ನ ಮದಿವಿ ಆಟಕ್ಕ ಹಚ್ಚು. ಫ್ರಿಜ್ಜಿಗೆ ಹಚ್ಚಿದ್ರಿ, ನನ್ನ ಓದಿಗೆ ಹಚ್ಚಿದ್ರಿ. ಇದಕ್ಕೂ ಹಚ್ಚು.”

“ದೇವಿ ಮುಂದ ಹೂ ಕೇಳೋಣು ನಡಿ.”

“ಯಾಕ, ಅಪ್ಪನ ಮ್ಯಾಲೆ ನಂಬಿಕಿ ಇಲ್ಲೇನು?”

ಬಸಕ್ಕ ಪತ್ರಿಕೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು. “ಅದೂ ಖರೇ. ದೇವಿಗೆ ಸಾವಿರ ಮಂದಿ ಕೇಳ್ತಾರ. ಇವರಿಗೆ ನಾ ಒಬ್ಬಾಕಿನ” ಎಂದಳು. “ಕೊನೀ ಪ್ರಶ್ನಿ. ನಿಮ್ಮಪ್ಪ ಗೆದ್ರ ಮದಿವಿ. ನಾ ಗೆದ್ರ ಇಲ್ಲ. ಸಮ ಆದ್ರ ಮುಂದಿನ ಸರಣಿ ಬರೋತನಕ ಮಾತಿಲ್ಲ. ಮೇಡಮ್ಮೋರ ಸಾಕ್ಷಿ.”

ಶುಕ್ರವಾರ ಮಧ್ಯಾಹ್ನ ನನ್ನ ನಲ್ಲಿ ತಿರುಗಿಸಿದರೆ ಗಾಳಿಯೂ ಬರಲಿಲ್ಲ. ದೊಡ್ಡ ಪೈಪು ಎಲ್ಲೋ ಒಡೆದಿತ್ತು. ಟ್ಯಾಂಕರಿನಿಂದ ಎರಡು ಕೊಡ ಹಿಡಿದುಕೊಳ್ಳುವಾಗ ತಿಪ್ಪೇಶ, “ಇವತ್ತು ನೀರು ಬಿಡಂಗಿಲ್ಲ ಮೇಡಮ್ಮೋರ, ನಾಳಿಗೇ” ಎಂದ. ಕೊಡ ನನ್ನ ಸೊಂಟದಲ್ಲಿ ಭಾರವಾಯಿತು. ನೀರಿಲ್ಲದಿದ್ದರೆ ಪೈಪು ಬಡಿಯುವುದಿಲ್ಲ. ಪೈಪು ಬಡಿಯದಿದ್ದರೆ ದುರ್ಗಾಳ ಪರವಾಗಿ ಉತ್ತರ ಹೇಳುವವರಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ನಿಮ್ಮಪ್ಪ ಗಾಳಿ ಕಣಮ್ಮ, ಇವತ್ತು ರಜೆ ಎಂದೇ?

ಸಂಜೆ ಹೋದೆ. ಟಿವಿ ನೋಡುವಾಗ ದೀಪ ಆರಿಸುವುದು ಆ ಮನೆಯ ರೂಢಿ. ಕತ್ತಲ ಕೋಣೆಯಲ್ಲಿ ಟಿವಿಯ ಬೆಳಕು ಗೋಡೆಯ ಮೇಲೆ ನೀಲಿ, ಕೆಂಪು, ಮತ್ತೆ ನೀಲಿ ಆಗುತ್ತಿತ್ತು. ಆ ಬೆಳಕಿನಲ್ಲಿ ಮೂಕಣ್ಣನ ಫೋಟೋದ ದವಡೆ ಏನನ್ನೋ ಜಗಿಯುತ್ತಿರುವಂತೆ ಕಾಣುತ್ತಿತ್ತು. ಫೋಟೋದ ಕೆಳಗೆ ಅವನ ಸ್ಟೂಲು, ಸ್ಟೂಲಿನ ಮೇಲೆ ಬೋರಲು ಹಾಕಿದ ತಾಟು, ಪಕ್ಕದಲ್ಲಿ ಪೈಪು. ದುರ್ಗಾ ಚಾಪೆಯ ಮೇಲೆ ಪೈಪಿಗೆ ಹತ್ತಿರವಾಗಿ ಕೂತಿದ್ದಳು. ಬಸಕ್ಕ ಎಂದಿನಂತೆ ನಮ್ಮ ಬೆನ್ನ ಹಿಂದೆ, ಅಡುಗೆಮನೆಯಲ್ಲಿ, ಮಿರ್ಚಿ ಕರಿಯುತ್ತಾ ಅಲ್ಲಿಂದಲೇ ಟಿವಿ ನೋಡುತ್ತಿದ್ದಳು.

ಪ್ರಶ್ನೆಗಳು ಬಂದವು, ಹೋದವು. ಪೈಪು ಒಂದಕ್ಕೂ ಉಸಿರೆತ್ತಲಿಲ್ಲ. ದುರ್ಗಾ ಒಮ್ಮೆ ಅದರ ಮೇಲೆ ಅಂಗೈ ಇಟ್ಟು ನೋಡಿ, ಸರಕ್ಕನೆ ತೆಗೆದಳು. “ತಣ್ಣಗ ಐತ್ರಿ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಪ್ಪನ ಹಣೆ ಮುಟ್ಟಿ ನೋಡಿದ ಮಗಳ ದನಿ ಅದು.

“ಈಗ ಕೊನೆಯ ಪ್ರಶ್ನೆ” ಎಂದ ನಿರೂಪಕ. “ಮನುಷ್ಯನ ದೇಹದ ಅತಿ ಚಿಕ್ಕ ಮೂಳೆ ಇರುವುದು ಎಲ್ಲಿ? ಎ, ಮೂಗು. ಬಿ, ಕಿರುಬೆರಳು. ಸಿ, ಕಿವಿ. ಡಿ, ಪಾದ.”

“ಬಿ” ಎಂದಳು ಬಸಕ್ಕ ಹಿಂದಿನಿಂದ. “ಕಿರುಬೆರಳು. ಕಣ್ಣಿಗೇ ಕಾಣ್ತೈತಿ.”

ಟಿವಿಯಲ್ಲಿ ಎದೆಬಡಿತದಂಥ ಸಂಗೀತ ಶುರುವಾಯಿತು. ದುರ್ಗಾ ಎರಡೂ ಕೈಯಲ್ಲಿ ಚಾಪೆಯ ಅಂಚು ಹಿಡಿದಿದ್ದಳು. “ಅಪ್ಪಾ” ಎಂದಳು, ನನಗೆ ಕೇಳಿಸುವಷ್ಟು ಮಾತ್ರ.

ಟಣ್.

ನೀರಿಲ್ಲದ ಪೈಪು. ಆ ಮಧ್ಯಾಹ್ನ ನಾನೇ ನಲ್ಲಿ ತಿರುಗಿಸಿ ನೋಡಿದ ಪೈಪು.

ಟಣ್.

ಆಮೇಲೆ ನಿಂತಿತು. ನಿರೂಪಕನೂ ನಿಂತಿದ್ದ, ಸಂಗೀತವೂ ನಿಂತಿತ್ತು. ಎರಡು ಏಟೆಂದರೆ ಬಿ. ಸಮ. ಮುಂದಿನ ಸರಣಿ ಬರುವವರೆಗೆ ಮಾತಿಲ್ಲ, ಆ ಸರಣಿ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ದುರ್ಗಾಳ ಭುಜ ಕುಸಿದದ್ದು ಕಂಡೆ.

ಆಗ, ಮೊದಲಿನ ಎರಡಕ್ಕಿಂತ ಜೋರಾಗಿ, ಸ್ಟೂಲಿನ ಮೇಲಿದ್ದ ತಾಟು ಕೂಡ ಗುಂಯ್‌ಗುಡುವ ಹಾಗೆ, ಟಣ್!

“ಸರಿ ಉತ್ತರ...” ಎಂದು ನಿರೂಪಕ ಎಳೆದ. ಪುಣ್ಯಕ್ಕೆ ಜಾಹೀರಾತಿಗೆ ಹೋಗಲಿಲ್ಲ. “ಸಿ! ಕಿವಿ!”

ದುರ್ಗಾ ತಂದೆಯ ಸ್ಟೂಲನ್ನು ತಬ್ಬಿಕೊಂಡು ಅತ್ತಳು. ನಾನು ಎದ್ದು ದೀಪ ಹಾಕಿದೆ, ಧೈರ್ಯಕ್ಕೆ. ಬಸಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೈಪನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದಳು. “ಮೇಡಮ್ಮೋರ, ನಿಮ್ಮಲ್ಲಿ ಒಂದು ಕೊಡ ನೀರು ಅದಾವೇನ್ರಿ? ತಾಟು ತೊಳೀಬೇಕು.”

ಮದುವೆ ಆಯಿತು. ದುರ್ಗಾ ವಡ್ಡುವಿಗೆ ಹೋದಳು, ಬಟ್ಟೆಯನ್ನು ಎರಡು ಸಲ ಒಗೆಯುತ್ತಾ ಸುಖವಾಗಿದ್ದಾಳೆ. ಕಿರಣ್ ಕುಮಾರ್ ಬಂದಾಗಲೆಲ್ಲ ಅತ್ತೆಗೆ ಒಂದು ಪ್ರಶ್ನೆ ಓದಿಕೊಂಡು ಬರುತ್ತಾನೆ. ಕಾರ್ಯಕ್ರಮ ಮತ್ತೆ ಶುರುವಾಗಿಲ್ಲ. ಬಸಕ್ಕ ಈಗ ಬೇರೆ ಯಾವುದೋ ಆಟ ನೋಡುತ್ತಾಳೆ, ಅದರಲ್ಲಿ ಪ್ರಶ್ನೆಗಳಿಲ್ಲ, ಜನ ಕೆಸರಿನಲ್ಲಿ ಓಡಿ ಬೀಳುತ್ತಾರೆ. ಪೈಪು ಏಳೂವರೆಗೆ ಬಡಿಯುತ್ತದೆ. ಅವಳು, “ಸುಮ್ಕಿರು, ಇದು ನಿನ್ನ ಆಟ ಅಲ್ಲ” ಎನ್ನುವುದು ನನಗೆ ಕೇಳಿಸುತ್ತದೆ.

ಆ ಶುಕ್ರವಾರ ಮಾತ್ರ ನನ್ನ ತಲೆಯಿಂದ ಇಳಿಯಲಿಲ್ಲ. ತಿಪ್ಪೇಶನನ್ನು ಮತ್ತೆ ಕೇಳಿದೆ. ಅಂದು ಕಾಲೋನಿಗೆ ಹನಿ ನೀರು ಬಿಟ್ಟಿಲ್ಲ ಎಂದು ಮಕ್ಕಳ ಮೇಲೆ ಆಣೆ ಮಾಡಿದ. ಮೊನ್ನೆ ಸಂಜೆ ಬಸಕ್ಕ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ನಾನೂ ಹೋಗಿ ಕೂತೆ.

“ಬಸಕ್ಕ, ಅವತ್ತು ಪೈಪಿನ್ಯಾಗ ನೀರಿರಲಿಲ್ಲ. ಬಡಿದಿದ್ದು ಯಾರು?”

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ನಾನ ರೀ.”

“ನೀನಾ?”

“ಪೈಪು ಅಡಗಿಮನ್ಯಾಗಿಂದ ಅಲ್ಲೇನ್ರಿ ಹೋಗೋದು? ಸೌಟು ತಗಂಡು ಬಡದೆ. ಇವರು ಬಾಯಿ ಬಿಡವಲ್ರು, ಹುಡುಗಿ ನೋಡಿದ್ರ ಉಸಿರು ಹಿಡ್ಕೊಂಡು ಕುಂತಾಳ. ನನಗ ಗೆಲ್ಲಾದೂ ಬ್ಯಾಡಾಗಿತ್ತು, ಸೋಲಾದೂ ಬ್ಯಾಡಾಗಿತ್ತು. ಸಮ ಆಗಿಬಿಡ್ಲಿ ಅಂತ ಎಲ್ಡು ಏಟು ಬಡದೆ.”

ಸೂರ್ಯ ಡ್ಯಾಮಿನ ಹಿಂದೆ ಇಳಿಯುತ್ತಿದ್ದ. ಒಳಗೆ ಮನೆ ಕತ್ತಲಾಗಿತ್ತು.

“ಎರಡೇ?”

“ಎಲ್ಡ ರೀ.”

“ಬಸಕ್ಕ, ಹಂಗಾದ್ರ ಆ ಮೂರನೇದು?”

ಅವಳು ಒಂದು ದಂಟು ಮುರಿದು, ಕಸದ ಕಡೆ ಎಸೆದಳು.

“ಕೈಗೆ ಎಣ್ಣಿ ಹತ್ತಿತ್ತಲ್ರಿ ಮೇಡಮ್ಮೋರ. ಸೌಟು ಜಾರಿ ಬಿತ್ತು.”